ಕೊರಳಲ್ಲಿದ್ದ ದಾರ

ಬೆಳಗಿನಿಂದ ಸೃಷ್ಟಿ ಹನ್ನೊಂದು ಸಲ ಸತ್ತಿದ್ದಳು. ಒಮ್ಮೆ ಬೋರಲು ಬಿದ್ದು, ಒಮ್ಮೆ ಅಂಗಾತ ಬಿದ್ದು, ಒಮ್ಮೆ ಕಟ್ಟೆಗೆ ಒರಗಿ ಕಣ್ಣು ತೇಲಿಸಿ. ಪ್ರತಿ ಸಲವೂ ಎದ್ದು, ಲಂಗದ ಮಣ್ಣು ಝಾಡಿಸಿಕೊಂಡು, ಅಂಗಳದ ತುದಿಯಿಂದ ಮತ್ತೆ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದಳು. ಜೋಳ ಹಸನು ಮಾಡುತ್ತ ಕುಳಿತಿದ್ದ ಅಜ್ಜಿ ಕಾಳವ್ವ, ಸಾಯುವುದೇ ಇದ್ದರೆ ಹಳೆಯ ಲಂಗ ಹಾಕಿಕೊಂಡು ಸಾಯಿ, ಒಗೆಯುವವಳು ನಾನು ಎಂದು ಎರಡು ಸಲ ಹೇಳಿ ಸುಮ್ಮನಾಗಿದ್ದಳು.

ಆಗಸ್ಟ್ ಹದಿನೈದಕ್ಕೆ ಇನ್ನು ಮೂರು ದಿನವಿತ್ತು. ಅಂದು ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ತಿಕೋಂಡಿಯ ಕನ್ನಡ ಶಾಲೆಯಲ್ಲಿ ಝೆಂಡಾ ಏರಿಸಿದ ಮೇಲೆ ಮಕ್ಕಳ ನಾಟಕ, ಆಮೇಲೆ ಮಾಜಿ ಸೈನಿಕರ ಸತ್ಕಾರ. ನಾಟಕ ಬರೆದವರು ಮಹಾಂತ ಗುರೂಜಿ. ನಾಟಕದ ನಾಯಕ ಯಾರೆಂದರೆ ಸೃಷ್ಟಿಯ ಸ್ವಂತ ಅಜ್ಜ, ಮಾಜಿ ಹವಾಲ್ದಾರ ಶಿವಯೋಗೆಪ್ಪ. ಅವನ ಪಾತ್ರಕ್ಕೆ ಎಂಟನೆಯ ತರಗತಿಯಲ್ಲೇ ಎತ್ತರದವಳಾದ ಸುಮನಳಿಗೆ ಕಾಡಿಗೆಯ ಮೀಸೆ ಬರೆದಿದ್ದರು. ಅವನ ಗುಂಡಿಗೆ ಸಾಯುವ ಹೆಣ್ಣು ಹುಲಿಯ, ಅಂದರೆ ಲಂಕೆಯ ತಮಿಳು ಹುಲಿಗಳ ಪಡೆಯ ಹುಡುಗಿಯ, ಪಾತ್ರ ಮೊಮ್ಮಗಳದು. ಕಣ್ಣಿಗೆ ಬಿಡುವ ಔಷಧದ ಖಾಲಿ ಸೀಸೆಯೊಂದನ್ನು ಕರಿದಾರಕ್ಕೆ ಕಟ್ಟಿ ಗುರೂಜಿ ಅವಳ ಕೊರಳಿಗೆ ಹಾಕಿದ್ದರು. ಅದು ಸಯನೈಡು. ಎರಡೆರಡು ದಾರ ಚಂದ ಕಾಣುವುದಿಲ್ಲ, ಲಿಂಗದ ದಾರ ತೆಗೆದಿಟ್ಟು ಬಾ ಎಂದೂ ಹೇಳಿದ್ದರು. ನಾಟಕಕ್ಕಾಗಿ ಲಿಂಗ ತೆಗೆಯುವ ಮಂದಿ ನಾವಲ್ಲ ಎಂದು ಕಾಳವ್ವ ಹೇಳಿ ಕಳಿಸಿದ್ದಳು. ಹೀಗಾಗಿ ಆ ಹುಡುಗಿಯ ಕೊರಳಲ್ಲಿ ಈಗ ಎರಡೂ ಇದ್ದವು. ಒಂದು ದಾರದಲ್ಲಿ ಶಿವ, ಇನ್ನೊಂದರಲ್ಲಿ ವಿಷ.

ಹನ್ನೆರಡನೆಯ ಸಾವಿಗೆ ಮೊದಲು ಸೃಷ್ಟಿ ಸೈಕಲ್ಲು ನಿಲ್ಲಿಸಿ, ಪಡಸಾಲೆಯ ಕಂಬಕ್ಕೊರಗಿ ಕುಳಿತಿದ್ದ ಅಜ್ಜನನ್ನು ಕೇಳಿದಳು.

"ಅಜ್ಜಾ, ಆಕಿ ಹೆಂಗ ಬಿದ್ಲು? ಮುಂದಕ್ಕೋ ಹಿಂದಕ್ಕೋ? ಗುರೂಜಿ ಒಂದೊಂದು ಸಲ ಒಂದೊಂದು ಹೇಳ್ತಾರ."

ಶಿವಯೋಗೆಪ್ಪ ಅವಳ ಕೊರಳನ್ನೇ ನೋಡುತ್ತಿದ್ದ. "ಬೀಳಲಿಲ್ಲವ್ವ ಆಕಿ," ಅಂದ.

ಕಾಳವ್ವನ ಕೈಯಲ್ಲಿ ಮೊರ ನಿಂತಿತು.

ಊರಿಗೆ ಗೊತ್ತಿದ್ದ ಕತೆ ಬೇರೆ. ಎಂಬತ್ತೇಳರಲ್ಲಿ ನಮ್ಮ ಸರ್ಕಾರ ಲಂಕೆಗೆ ಶಾಂತಿ ಪಡೆ ಕಳಿಸಿದಾಗ ಈ ಕಡೆಯ ಮೂವರು ಹುಡುಗರು ಒಂದೇ ಕಂಪನಿಯಲ್ಲಿ ಹೋದರು: ತಿಕೋಂಡಿಯ ಶಿವಯೋಗೆಪ್ಪ, ಸನಮಡಿಯ ವಿಠೋಬ, ಅವನ ಚಿಕ್ಕಪ್ಪನ ಮಗ ಮಲ್ಲು. ಇಬ್ಬರು ತಿರುಗಿ ಬಂದರು. ಕುರಿ ಕಾಯುವ ಮನೆಯ ಮಲ್ಲು ಲಂಕೆಯ ಯಾಳ್ಪಾಣ ಪಟ್ಟಣದ ಹತ್ತಿರ ನೆಲಬಾಂಬಿಗೆ ಸಿಕ್ಕು ಸತ್ತ. ಮದುವೆಯಾಗಿ ಒಂದು ವರ್ಷ ತುಂಬಿರಲಿಲ್ಲ. ಅವನ ಟ್ರಂಕು, ಕೈಗಡಿಯಾರ, ಒಂದು ಮಡಕೆ ಬೂದಿ ತೆಗೆದುಕೊಂಡು ಸನಮಡಿಗೆ ಬಂದವನು ವಿಠೋಬ. ಬಂದವನು ಮಲ್ಲುವಿನ ಹೆಂಡತಿ ಇಂದುಬಾಯಿಯ ಮುಂದೆ ಕುಳಿತು ಹೇಳಿದನಂತೆ: ಆ ಬಾಂಬು ಹುಗಿದವಳು ಹೆಣ್ಣು ಹುಲಿ, ಮೂರನೆಯ ದಿನವೇ ಸಿಕ್ಕಳು, ಕೊರಳಿನ ವಿಷ ಬಾಯಿಗೆ ಹಾಕಿಕೊಳ್ಳುವ ಮೊದಲೇ ನಮ್ಮ ಯೋಗ್ಯಾ, ತಿಕೋಂಡಿಯ ಶಿವಯೋಗೆಪ್ಪ, ಗುಂಡು ಹಾಕಿದ, ನಿನ್ನ ಗಂಡನ ಸೇಡು ತೀರಿತು ವೈನಿ. ಆ ಮಾತು ಸನಮಡಿಯಿಂದ ಚಹಾದಂಗಡಿಗೆ, ಚಹಾದಂಗಡಿಯಿಂದ ತಾಲ್ಲೂಕಿಗೆ ಹೋಯಿತು. ಮೂವತ್ತೇಳು ವರ್ಷಗಳಲ್ಲಿ ಶಿವಯೋಗೆಪ್ಪ ಅದನ್ನು ಒಮ್ಮೆಯೂ ತಾನಾಗಿ ಹೇಳಿರಲಿಲ್ಲ. ಸುಳ್ಳೆಂದೂ ಹೇಳಿರಲಿಲ್ಲ. ಜನ ಅದನ್ನು ಅವನ ದೊಡ್ಡ ಗುಣವೆಂದು ತಿಳಿದಿದ್ದರು.

ಕಾಳವ್ವ ಮೊರ ಬದಿಗಿಟ್ಟಳು. ಹೇಳುವುದಿದ್ದರೆ ಈಗಲೇ ಹೇಳಿ, ಹುಡುಗಿ ಕೇಳಲಿ, ನಾನೂ ಕೇಳುತ್ತೇನೆ ಅಂದಳು. ಶಿವಯೋಗೆಪ್ಪ ಹೇಳಿದ.

ತಾಳೆಮರಗಳ ನಡುವಿನ ಕೂಡುದಾರಿಯಲ್ಲಿ ಮರಳಿನ ಚೀಲ ಪೇರಿಸಿ ಒಂದು ಪೋಸ್ಟು ಮಾಡಿದ್ದರು. ಹೋಗಿ ಬರುವವರ ಚೀಲ, ಬುಟ್ಟಿ ಬಿಚ್ಚಿಸಿ ನೋಡುವುದು ಅವನ ಕೆಲಸ. ಬೆಳಗ್ಗೆ ಹತ್ತರ ಸುಮಾರಿಗೆ ಒಬ್ಬ ಹುಡುಗಿ ಸೈಕಲ್ಲಿನ ಮೇಲೆ ಬಂದಳು. ಇಪ್ಪತ್ತು ವರ್ಷ ಇರಬಹುದು, ಎರಡು ಜಡೆ, ಕ್ಯಾರಿಯರಿಗೆ ಕಟ್ಟಿದ ತಾಳೆಗರಿಯ ಬುಟ್ಟಿ, ಮೇಲೆ ಒಣಮೀನು. ಬುಟ್ಟಿ ಬಿಚ್ಚು ಎಂದು ಕೈ ಮಾಡಿದ. ಅವಳು ಬಗ್ಗಿದಳು. ಬಗ್ಗಿದಾಗ ಕುಪ್ಪಸದೊಳಗಿನಿಂದ ಒಂದು ಕರಿದಾರ ಜಾರಿ ಹೊರಬಂತು. ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಏನೋ ಒಂದು. ಅವಳು ಗಪ್ಪನೆ ಅದನ್ನು ಮುಷ್ಟಿಯಲ್ಲಿ ಹಿಡಿದು ಗದ್ದದ ಹತ್ತಿರ ಒಯ್ದಳು.

ಬೇರೆ ಯಾವ ಊರಿನ ಸಿಪಾಯಿಯಾಗಿದ್ದರೂ ಅಲ್ಲಿ ಬಂದೂಕು ಎತ್ತುತ್ತಿದ್ದ. ಶಿವಯೋಗೆಪ್ಪ ಗುಡ್ಡಾಪುರದ ದಾನಮ್ಮನ ಒಕ್ಕಲು. ಅವನ ಮನೆಯಲ್ಲಿ ಹುಟ್ಟಿದ ಕೂಸಿಗೂ ಕೊರಳಲ್ಲಿ ದಾರ, ದಾರದ ತುದಿಗೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಲಿಂಗ. ಸಿಡಿಲು ಬಿದ್ದರೆ, ಹಾವು ಕಂಡರೆ, ಕೆಟ್ಟ ಸುದ್ದಿ ಬಂದರೆ ಅವನ ಅವ್ವ ಹೀಗೆಯೇ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಗದ್ದಕ್ಕೆ ಒತ್ತಿಕೊಳ್ಳುತ್ತಿದ್ದಳು. ತಮಿಳರಲ್ಲೂ ಶಿವನ ಭಕ್ತರಿದ್ದಾರೆಂದು ಅವನು ಕೇಳಿದ್ದ, ಹಣೆಯ ಮೇಲಿನ ವಿಭೂತಿ ಕಂಡಿದ್ದ. ಇವಳು ನಮ್ಮ ಪೈಕಿ, ಅಂಜಿ ತನ್ನ ಲಿಂಗ ಹಿಡಿದಿದ್ದಾಳೆ ಅನ್ನಿಸಿತು. ಅಂಜಬೇಡ ಎನ್ನಲು ಭಾಷೆ ಬರುವುದಿಲ್ಲ. ಅಂಗಿಯ ಗುಂಡಿ ಬಿಚ್ಚಿ ತನ್ನ ಕರಡಿಗೆಯನ್ನು ಹೊರತೆಗೆದು ಅವಳಂತೆಯೇ ಮುಷ್ಟಿಯಲ್ಲಿ ಹಿಡಿದು ತೋರಿಸಿದ.

"ಅವಾಗ ಆಕಿ ಮಾರಿ ನೋಡಬೇಕಾಗಿತ್ತು," ಅಂದ ಶಿವಯೋಗೆಪ್ಪ. "ನಾನೂ ವಿಷಾ ಕಟ್ಟಿಕೊಂಡು ಬಂದೀನಿ ಅಂತ ತಿಳ್ಕೊಂಡಳವ್ವ. ಆಕಿದು ಲಿಂಗ ಅಂತ ನಾ, ನಂದು ವಿಷ ಅಂತ ಆಕಿ."

'ಶಿವ' ಅಂದನಂತೆ ಇವನು. ಬಹಳ ಹೊತ್ತು ನೋಡಿ 'ಸಿವ' ಅಂದಳಂತೆ ಅವಳು. ಇವನು ದಾರಿಗೆ ಅಡ್ಡ ಇಟ್ಟಿದ್ದ ಕಟ್ಟಿಗೆ ಎತ್ತಿದ. ಬುಟ್ಟಿ ಬಿಚ್ಚದೆಯೇ ಅವಳು ಸೈಕಲ್ಲು ಹತ್ತಿ ಹೋದಳು. ತಾಳೆಮರಗಳ ಹತ್ತಿರ ಒಂದು ಸಲ ತಿರುಗಿ ನೋಡಿದಳು.

ಐದನೆಯ ದಿನ ಅದೇ ದಾರಿಯಲ್ಲಿ ಮಲ್ಲುವಿನ ಜೀಪು ಹಾರಿತು. ಅಂದು ಕ್ಯಾಂಪಿನಲ್ಲಿ ಶಿವಯೋಗೆಪ್ಪ ಬಾಯಿ ತಪ್ಪಿ ವಿಠೋಬನಿಗೆ ಹೇಳಿದ, ಇಲ್ಲಿಯ ಹುಡುಗಿಯರೂ ಲಿಂಗ ಕಟ್ಟುತ್ತಾರೆ, ಕಂಡೆ ಎಂದು. ವಿಠೋಬ ಅವನ ಬಾಯಿ ಮುಚ್ಚಿದ. ಅದು ಲಿಂಗವಲ್ಲ, ಹುಲಿಗಳು ಕಟ್ಟಿಕೊಳ್ಳುವ ಕುಪ್ಪಿ, ಸಿಕ್ಕಿಬಿದ್ದರೆ ಕಚ್ಚಿ ಸಾಯುತ್ತಾರೆ ಎಂದು ಹೇಳಿದ. ಈ ಮಾತು ಇಲ್ಲಿಗೇ ಮುಗಿಯಲಿ ಎಂದೂ ಹೇಳಿದ. ಮುಗಿಯಲಿಲ್ಲ. ಊರಿಗೆ ಬರುವಷ್ಟರಲ್ಲಿ ತಲೆಕೆಳಗಾಗಿ ಇವನಿಗಿಂತ ಮೊದಲೇ ಬಂದು ಕುಳಿತಿತ್ತು.

ಸೃಷ್ಟಿ ಕೇಳಿದಳು, ಬಾಂಬು ಇಟ್ಟವಳು ಅವಳೇನಾ. ಗೊತ್ತಿಲ್ಲ ಅಂದ. ಆಮೇಲೆ ಅವಳು ಏನಾದಳು. ಅದೂ ಗೊತ್ತಿಲ್ಲ. ಎದ್ದು ಒಳಗೆ ಹೋಗಿ ತಗಡಿನ ಟ್ರಂಕು ಎಳೆದುಕೊಂಡು ಬಂದ. ಪಟ್ಟಣಕ್ಕೆ ಹೋದಾಗಲೆಲ್ಲ ಅವನು ಕನ್ನಡದ, ಮರಾಠಿಯ ಹಳೆಯ ಪೇಪರು ತರುತ್ತಿದ್ದುದು ಕಾಳವ್ವನಿಗೆ ಗೊತ್ತಿತ್ತು. ಕತ್ತರಿಸಿ ಇಡುತ್ತಿದ್ದುದೂ ಗೊತ್ತಿತ್ತು. ತನ್ನ ಪಲ್ಟಣಿಯ ಸುದ್ದಿ ಇರಬೇಕೆಂದುಕೊಂಡಿದ್ದಳು. ತೆಗೆದು ನೋಡಿದರೆ ಪೂರಾ ಹುಲಿಗಳದೇ ಸುದ್ದಿ.

ಅವನು ಒಂದೊಂದೇ ತುಂಡನ್ನು ನೆಲದ ಮೇಲೆ ಇಡುತ್ತ ಹೋದ. ಮೊದಲು ಬೆರಳೆಣಿಕೆಯ ಹುಡುಗರು, ಸೈಕಲ್ಲು, ಒಂದೆರಡು ಪಿಸ್ತೂಲು. ತಮ್ಮ ಭಾಷೆಗೆ ತಮ್ಮದೇ ದೇಶದಲ್ಲಿ ಎರಡನೆಯ ಮಣೆ ಹಾಕಿದರೆಂಬ ಸಿಟ್ಟು. ಆ ಸಿಟ್ಟು ಶಿವಯೋಗೆಪ್ಪನಿಗೆ ಅರ್ಥವಾಗದ್ದಲ್ಲ. ನಾವೂ ಗಡಿಯ ಮೇಲೆ ಕುಳಿತವರೇ, ಅರ್ಜಿ ಮರಾಠಿಯಲ್ಲಿ, ಅಳು ಕನ್ನಡದಲ್ಲಿ. ಆದರೆ ಅದಕ್ಕಾಗಿ ಯಾರೂ ನಮ್ಮ ಮನೆಗೆ ಬೆಂಕಿ ಹಚ್ಚಲಿಲ್ಲ ಎಂದು ಅವನು ಹೇಳುತ್ತಿದ್ದ. ಅಲ್ಲಿ ಹಚ್ಚಿದರು. ಎಂಬತ್ಮೂರರಲ್ಲಿ ಕೊಲಂಬೋದ ತಮಿಳರ ಮನೆಗಳು ಉರಿದ ಮೇಲೆ ಕೇರಿ ಕೇರಿಯಿಂದ ಹುಡುಗರು ಎದ್ದು ಬಂದರು. ಹತ್ತಾರು ಗುಂಪುಗಳಿದ್ದವು. ಹುಲಿಗಳು ಉಳಿದ ಗುಂಪುಗಳನ್ನು ನುಂಗಿ ಒಂದೇ ಆದರು. ನಮ್ಮ ಪಡೆ ಇಳಿದಾಗ ಯಾಳ್ಪಾಣದ ಜನ ಕೊರಳಿಗೆ ಹಾರ ಹಾಕಿದ್ದರು, ಎರಡು ತಿಂಗಳಲ್ಲಿ ಅದೇ ಓಣಿಗಳಲ್ಲಿ ಗುಂಡು ಹಾರಿದವು. ತೊಂಬತ್ತರಲ್ಲಿ ನಾವು ಹಿಂದಕ್ಕೆ ಬಂದೆವು. ತೊಂಬತ್ತೊಂದರಲ್ಲಿ ಮದರಾಸಿನ ಹತ್ತಿರ ಒಬ್ಬ ಹೆಣ್ಣುಮಗಳು ಹೂವಿನ ಹಾರ ಹಿಡಿದು ಬಂದು, ಮಾಜಿ ಪ್ರಧಾನಿಯ ಕಾಲಿಗೆ ಬಗ್ಗಿ, ತನ್ನ ಜೊತೆ ಅವರನ್ನೂ ಹತ್ತಾರು ಜನರನ್ನೂ ಬಾಂಬು ಸಿಡಿಸಿ ಸುಟ್ಟಳು. ಆ ಪೇಪರಿನ ಚಿತ್ರವನ್ನು ಶಿವಯೋಗೆಪ್ಪ ಬಿಸಿಲಿಗೆ ಹಿಡಿದು ಹಿಡಿದು ನೋಡಿದ್ದ, ಅವಳೇನಾ ಎಂದು. ಅಲ್ಲ. ಅವಳಲ್ಲ ಎಂದು ಗೊತ್ತಾದ ದಿನ ಬಾವಿಯ ಕಟ್ಟೆಯ ಮೇಲೆ ಕುಳಿತು ಅತ್ತಿದ್ದ.

ಆಮೇಲೆ ಆ ಚಳವಳಿ ಒಂದು ಸರ್ಕಾರದಂತೆಯೇ ಬೆಳೆಯಿತು. ತಮ್ಮದೇ ಪೊಲೀಸು, ತಮ್ಮದೇ ಕೋರ್ಟು, ಹಡಗು, ಕಡೆಗೆ ಸಣ್ಣ ವಿಮಾನ ಕೂಡ. ಮನೆಗೊಂದು ಕೂಸು ಕೊಡಿರೆಂದು ಬಾಗಿಲು ಬಡಿಯುವುದೂ ಶುರುವಾಯಿತು. ಯಾರ ಸಲುವಾಗಿ ಎದ್ದರೋ ಅವರ ಮಕ್ಕಳನ್ನೇ ಒಯ್ದರು. ಎರಡು ಸಾವಿರದ ನಾಲ್ಕರಲ್ಲಿ ಒಳಗೇ ಒಡೆದರು. ಎರಡು ಸಾವಿರದ ಒಂಬತ್ತರ ಮೇ ತಿಂಗಳು, ಸಮುದ್ರಕ್ಕೂ ಹಿನ್ನೀರಿಗೂ ನಡುವಿನ ಒಂದು ಚೂರು ಮರಳಿನ ಮೇಲೆ, ಲಕ್ಷಗಟ್ಟಲೆ ಜನರ ನಡುವೆ ಎಲ್ಲ ಮುಗಿಯಿತು. ಹುಲಿಗಳು ಜನರನ್ನು ಬಿಡಲಿಲ್ಲ, ಎದುರಿನ ಫಿರಂಗಿ ಜನರನ್ನು ನೋಡಲಿಲ್ಲ. ಕಡೆಯ ತುಂಡಿನಲ್ಲಿ ಹೆಂಗಸರ ಒಂದು ಸಾಲು ಗಂಟುಮೂಟೆ ಹೊತ್ತು ನೀರು ದಾಟುವ ಚಿತ್ರ. ಮುಖಗಳೆಲ್ಲ ಗೋಧಿಕಾಳಿನಷ್ಟು. ಅದನ್ನೂ ಅವನು ಬಿಸಿಲಿಗೆ ಹಿಡಿದು ನೋಡಿದ್ದ.

ಕಾಳವ್ವ ತುಂಡುಗಳನ್ನು ಒಂದೊಂದಾಗಿ ಟ್ರಂಕಿನೊಳಗೆ ಇಟ್ಟಳು. ಆಮೇಲೆ, ಸತ್ಕಾರಕ್ಕೆ ಮುಖ್ಯ ಅತಿಥಿಯಾಗಿ ಯಾರು ಬರುತ್ತಿದ್ದಾರೆ ಗೊತ್ತಲ್ಲ ಎಂದು ಕೇಳಿದಳು. ಗೊತ್ತಿತ್ತು. ಈ ಸಲ ವೀರಪತ್ನಿ ಇಂದುಬಾಯಿಯನ್ನೇ ಕರೆಸಿದ್ದರು. ಗಂಡನ ಸೇಡು ತೀರಿದ್ದನ್ನು ಅವಳು ವೇದಿಕೆಯ ಮೇಲೆ ಕುಳಿತು ನೋಡಬೇಕು, ಆಮೇಲೆ ತನ್ನ ಕೈಯಾರೆ ಶಿವಯೋಗೆಪ್ಪನಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಡಬೇಕು. ಗುರೂಜಿಯ ಯೋಜನೆ ಅದು.

"ಆ ಶಾಲು ಹೊಚ್ಚಿಕೊಂಡ್ರ ನೀವು ನನಗ ಗಂಡ ಅಲ್ಲ," ಅಂದಳು ಕಾಳವ್ವ.

"ಹೊಚ್ಚಿಕೊಳ್ಳೂದಿಲ್ಲ," ಅಂದ ಶಿವಯೋಗೆಪ್ಪ.

ಹಾಗಿದ್ದರೆ ನಾಲ್ಕು ಮಂದಿಯ ಮುಂದೆ ಬೇಡ, ಮೊದಲು ಅವಳ ಮನೆಗೆ ಹೋಗಿ ಹೇಳಿ ಬನ್ನಿ ಎಂದು ಕಾಳವ್ವ ಮರುದಿನ ಅವನನ್ನು ಸನಮಡಿಗೆ ಕಳಿಸಿದಳು. ಇಂದುಬಾಯಿ ಕುರಿ ಹೊಡೆದುಕೊಂಡು ಹೋಗಿದ್ದಳು. ಮಲ್ಲು ಸತ್ತಾಗ ಮೈದುನನಿಗೆ ಕೊಟ್ಟು ಉಡಿಕೆಯ ಮರುಮದುವೆ ಮಾಡುತ್ತೇವೆ ಎಂದ ಹಿರಿಯರಿಗೆ, ನನಗೆ ಗಂಡ ಬೇಡ, ನನ್ನ ಪಾಲಿನ ಕುರಿ ಕೊಡಿ ಎಂದವಳು ಅವಳು. ಹಟ್ಟಿಯಲ್ಲಿ ಈಗ ನೂರರ ಮೇಲೆ ಕುರಿಗಳು. ಶಿವಯೋಗೆಪ್ಪ ಬೇವಿನ ಗಿಡದ ಬುಡದಲ್ಲಿ ಮಧ್ಯಾಹ್ನದವರೆಗೆ ಕುಳಿತ. ದೂರದಲ್ಲಿ ಧೂಳೆದ್ದಿತು, ಮಂದೆ ಕಾಣಿಸಿತು, ಹೆಗಲ ಮೇಲೆ ಕೋಲಿಟ್ಟು ಬರುವ ಹೆಂಗಸೂ ಕಾಣಿಸಿದಳು. ಅವನು ಎದ್ದು ಮೋಟಾರ್‌ಸೈಕಲ್ಲು ಹತ್ತಿ ತಿರುಗಿ ಬಂದುಬಿಟ್ಟ. ಮನೆಗೆ ಬಂದು ಅದನ್ನೂ ಮುಚ್ಚಿಡದೆ ಹೇಳಿದ. ಗುಂಡಿಗೆ ಎದೆ ಕೊಟ್ಟವನಿಗೆ ಕುರಿಮಂದೆ ನೋಡಿ ಕಾಲು ನಡುಗಿತೇ ಎಂದು ಕಾಳವ್ವ ಒಂದೇ ಮಾತು ಆಡಿದಳು, ಊಟಕ್ಕೆ ಬಡಿಸಿದಳು.

ಆದರೆ ಅವನು ಹೋಗಿ ಬಂದ ಸುದ್ದಿ ವಿಠೋಬನಿಗೆ ಮುಟ್ಟಿತ್ತು. ಸಂಜೆಗೆ ಅವನು ಮಹಾಂತ ಗುರೂಜಿಯನ್ನೂ ಕರೆದುಕೊಂಡು ಬಂದ. ಗುರೂಜಿ ಒಳ್ಳೆಯ ಮನುಷ್ಯ. ಕನ್ನಡ ಶಾಲೆ ಉಳಿಯಲಿ ಎಂದು ಮನೆ ಮನೆ ತಿರುಗಿ ಮಕ್ಕಳನ್ನು ಸೇರಿಸುವವರು. ಅವರು ಸಮಾಧಾನದಿಂದಲೇ ಹೇಳಿದರು: ಆಮಂತ್ರಣ ಪತ್ರಿಕೆ ಅಚ್ಚಾಗಿದೆ, ಸರಪಂಚರು ಬರುತ್ತಾರೆ, ಮಕ್ಕಳು ತಿಂಗಳಿಂದ ತಾಲೀಮು ಮಾಡಿದ್ದಾರೆ, ನಡೆದದ್ದು ಏನೇ ಇರಲಿ, ಮಕ್ಕಳಿಗೆ ಬೇಕಾದದ್ದು ಧೈರ್ಯದ ಪಾಠ. ಒಂದು ಹುಡುಗಿಯನ್ನು ಕೊಂದದ್ದು ಧೈರ್ಯವೇ ಎಂದು ಕಾಳವ್ವ ಒಳಗಿನಿಂದ ಕೇಳಿದಳು. ಅವಳು ಶತ್ರು ಎಂದರು ಗುರೂಜಿ. ಹಾಗಾದರೆ ನನ್ನ ಮೊಮ್ಮಗಳಿಗೆ ಯಾಕೆ ಆ ಪಾತ್ರ ಕೊಟ್ಟಿರಿ ಎಂದಳು. ಚಲೋ ಬೀಳುತ್ತಾಳೆ ಎಂದು ಬಾಯಿ ತಪ್ಪಿ ಹೇಳಿ ಗುರೂಜಿ ನಾಲಿಗೆ ಕಚ್ಚಿಕೊಂಡರು.

ವಿಠೋಬನದು ಬೇರೆ ನೋವು. ಅವನು ಕೆಳಗೆ ನೋಡುತ್ತ ಕುಳಿತಿದ್ದ.

"ಲೇ ಯೋಗ್ಯಾ, ಇಂದುಬಾಯಿ ಅವಾಗ ಹತ್ತೊಂಬತ್ತು ವರ್ಷದ ಹುಡುಗಿ ಇದ್ದಳು. ಬೂದಿ ಮಡಕಿ ತೊಡಿ ಮ್ಯಾಲ ಇಟ್ಕೊಂಡು, ಯಾರು ಮಾಡಿದರು ಅಂತ ಕೇಳಿದಳು. ನಾ ಏನು ಹೇಳಬೇಕಾಗಿತ್ತು? ಆ ಒಂದು ಮಾತಿನ ಮ್ಯಾಲ ಆಕಿ ಇಷ್ಟು ವರ್ಷ ಬದುಕ್ಯಾಳ. ಈಗ ಅದನ್ನ ಕಸಗೋಬ್ಯಾಡ."

"ನಿನ್ನ ಮಾತು ನೀ ಇಟ್ಕೋ ವಿಠ್ಯಾ. ನಂದು ಕೈ ಐತಲ್ಲ ಇದು, ಇದರಿಂದ ಆಗದ್ದನ್ನ ಆಗೇದ ಅಂತ ಇನ್ನ ಹೇಳಗೊಡೂದಿಲ್ಲ."

ನೀವು ಹಾಗೆ ಹೇಳುವುದಾದರೆ ಸತ್ಕಾರಕ್ಕೆ ಹೆಸರು ಕರೆಯುವುದಿಲ್ಲ ಎಂದರು ಗುರೂಜಿ ಏಳುತ್ತ. ಕರೆಯಬೇಡಿ, ನಾನು ಕರೆಯದೆಯೇ ಬರುತ್ತೇನೆ ಎಂದ ಶಿವಯೋಗೆಪ್ಪ.

ಹದಿನೈದರಂದು ಶಾಲೆಯ ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಪಟ್ಟೆಯ ಫೇಟಾ ಸುತ್ತಿಕೊಂಡ ಹಿರಿಯರು, ಚಾಪೆಯ ಮೇಲೆ ಹೆಂಗಸರು. ವೇದಿಕೆಯ ಒಂದು ಬದಿಗೆ ಕುರ್ಚಿಯಲ್ಲಿ ಇಂದುಬಾಯಿ, ತಲೆಯ ಮೇಲೆ ಸೆರಗು, ಕಾಲಿಗೆ ಕುರಿಗಾಹಿಯ ದಪ್ಪ ಚಪ್ಪಲಿ, ತೊಡೆಯ ಮೇಲೆ ಬಟ್ಟೆಯ ಚೀಲ. ಪಕ್ಕದ ಮೇಜಿನ ಮೇಲೆ ಶಾಲು, ತೆಂಗಿನಕಾಯಿ. ಶಿವಯೋಗೆಪ್ಪ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಪದಕ ಹಾಕಿಕೊಂಡಿರಲಿಲ್ಲ.

ನಾಟಕ ಚೆನ್ನಾಗಿಯೇ ನಡೆಯಿತು. ಮಲ್ಲುವಿನ ಪಾತ್ರದವನು ಹೆಂಡತಿಗೆ ಪತ್ರ ಬರೆದ. ಪಟಾಕಿ ಸಿಡಿಯಿತು. ಇಂದುಬಾಯಿ ನೆಲ ನೋಡಿದಳು. ಆಮೇಲೆ ಕಾಡಿಗೆ ಮೀಸೆಯ ಸುಮನ ಕಟ್ಟಿಗೆಯ ಬಂದೂಕು ಹಿಡಿದು ನಿಂತಳು. ಸೈಕಲ್ಲು ತಳ್ಳಿಕೊಂಡು ಸೃಷ್ಟಿ ಬಂದಳು. ಕೊರಳಿನ ಸೀಸೆಗೆ ಕೈ ಹಾಕಿದಳು. ಸುಮನ ಢಂ ಅಂದಳು.

ಸೃಷ್ಟಿ ಬೀಳಲಿಲ್ಲ.

ಸುಮನ ಮತ್ತೊಮ್ಮೆ, ಇನ್ನಷ್ಟು ಜೋರಾಗಿ ಢಂ ಅಂದಳು. ಮಂದಿ ನಕ್ಕರು. ಪರದೆಯ ಹಿಂದಿನಿಂದ ಗುರೂಜಿಯ ಪಿಸುಮಾತು ಅಂಗಳಕ್ಕೆಲ್ಲ ಕೇಳಿಸಿತು, ಬೀಳು, ಬೀಳು. ಹ್ಯಾಂಡಲು ಗಟ್ಟಿಯಾಗಿ ಹಿಡಿದು ಸೃಷ್ಟಿ ನೇರ ನಿಂತಿದ್ದಳು.

"ಗುರೂಜಿ, ಆಕಿ ಬಿದ್ದಿಲ್ಲರಿ," ಅಂದಳು. "ನಮ್ಮಜ್ಜ ಆಕಿಗೆ ಗುಂಡು ಹಾಕಿಲ್ಲ."

ನಗು ನಿಂತಿತು. ಇಡೀ ಅಂಗಳ ತಿರುಗಿ ಗೋಡೆಯ ಕಡೆ ನೋಡಿತು. ಶಿವಯೋಗೆಪ್ಪ ಮಂದಿಯ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಮುಂದೆ ಬಂದ. ಮೇಲೆ ಹತ್ತಲಿಲ್ಲ. ಇಂದುಬಾಯಿಯ ಕುರ್ಚಿಯ ಎದುರು ನೆಲದ ಮೇಲೆಯೇ ನಿಂತು, ಮೊನ್ನೆ ಪಡಸಾಲೆಯಲ್ಲಿ ಹೇಳಿದ್ದನ್ನೆಲ್ಲ ಅದೇ ಕ್ರಮದಲ್ಲಿ ಹೇಳಿದ. ದಾರ, ಕರಡಿಗೆ, ಬಿಚ್ಚದ ಬುಟ್ಟಿ, ಐದನೆಯ ದಿನ. ಸರಪಂಚರು ಸಾಕು ಎನ್ನುವಂತೆ ಕೈ ಎತ್ತಿದರು. ಅವನು ಆ ಕಡೆ ನೋಡಲಿಲ್ಲ.

"ತಂಗಿ, ನಾ ಬಿಟ್ಟಾಕಿನ ನಿನ್ನ ಗಂಡನ್ನ ಕೊಂದಿರಬಹುದು. ಕೊಂದಿಲ್ಲದೆನೂ ಇರಬಹುದು. ಸೈನ್ಯದ ಲೆಕ್ಕಕ್ಕ ನಂದು ತಪ್ಪು. ಆದರ ಕೊಂದೆ ಅನ್ನೂ ಮಾನ ನನಗ ಬ್ಯಾಡ. ಕೊಲ್ಲಲಿಲ್ಲ ಅಂತ ನಾಚಿಕಿನೂ ಇಲ್ಲ. ನಿನಗ ಸುಳ್ಳು ಮುಟ್ಟಿತು, ನಾ ಸುಮ್ನಿದ್ದೆ. ಅದಕ್ಕ ಏನು ಅಂತೀ ಅನ್ನು."

ಇಂದುಬಾಯಿ ಕುರ್ಚಿಯ ಕೈ ಹಿಡಿದು ಎದ್ದಳು. ಮೊದಲು ವಿಠೋಬನನ್ನು ಹುಡುಕಿ ನೋಡಿದಳು. ಅವನು ಫೇಟಾ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದ. ಆಮೇಲೆ ಇವನನ್ನು ನೋಡಿದಳು. ಅವಳ ದನಿ ಮಂದೆಯ ಮೇಲಿಂದ ಕೂಗಿ ಪಳಗಿದ ದನಿ, ಮೈಕು ಬೇಕಿರಲಿಲ್ಲ.

"ಇಬ್ಬರೂ ಕೂಡಿ ನನ್ನ ಹಗುರ ತಿಳ್ಕೊಂಡ್ರಿ. ಖರೇ ಹೇಳಿದ್ರ ಸಾಯ್ತಾಳ ಅಂದ್ಕೊಂಡ್ರಿ. ಸೇಡು ತೀರಿತು ಅಂತ ನೀ ಹೇಳಿದ ದಿನಾ ಏನಾತು ಗೊತ್ತೈತೇನು ವಿಠೋಬಾ? ಮೊದಲ ಮನ್ಯಾಗ ಒಂದ ಹೆಣ ಇತ್ತು. ಅವತ್ತಿನಿಂದ ಎರಡಾದವು."

ಅವಳು ಹೇಳುತ್ತ ಹೋದಳು. ಪ್ರತಿ ವರ್ಷ ಮಾನಮಿ ಅಮಾಸೆಗೆ ಹಿರಿಯರಿಗೆ ಎಡೆ ಇಡುವಾಗ ಮಲ್ಲುವಿನ ಎಡೆಯ ಪಕ್ಕದಲ್ಲಿ ಇನ್ನೊಂದು ಎಡೆ ಇಡುತ್ತಿದ್ದಳಂತೆ. ಹೋಳಿಗೆ, ಅನ್ನ, ಕುಪ್ಪಸಕ್ಕೆಂದು ಒಂದು ಹಸಿರು ಖಣ. ಯಾರಿಗೆಂದು ಅತ್ತೆ ಕೇಳಿದರೆ ಯಾರಿಗೋ ಅನ್ನುತ್ತಿದ್ದಳು. ಅದು ಆ ಹುಡುಗಿಗೆ. ಯಾರದೋ ಮಗಳು, ಮದುವೆ ಆಗಿತ್ತೋ ಇಲ್ಲವೋ, ತನ್ನ ಸಲುವಾಗಿ ಸತ್ತಿದ್ದಾಳೆ, ಅವಳಿಗೆ ಎಡೆ ಇಡುವವರು ಯಾರೂ ಉಳಿದಿರಲಿಕ್ಕಿಲ್ಲ ಎಂದು. ಹಾಗೆ ಮೂವತ್ತೇಳು ಖಣ.

"ಜೀವ ಇದ್ದಾಕಿಗಿ ಎಡಿ ಇಟ್ಟೆನೇನು ನಾ?" ಎಂದು ಕೇಳಿದಳು. "ಬದುಕ್ಯಾಳೇನು ಆಕಿ?"

"ಗೊತ್ತಿಲ್ಲ ತಂಗಿ," ಅಂದ ಶಿವಯೋಗೆಪ್ಪ. "ಕಡೀಕ ಭಾಳ ಮಂದಿ ಸತ್ತರು. ನೀರು ದಾಟಿದವರೂ ಅದಾರ. ನನ್ನ ಮುಂದ ಮಾತ್ರ ಸಾಯಲಿಲ್ಲ."

ಸತ್ತ ಸುದ್ದಿ ಹಬ್ಬಿದರೆ ಬದುಕಿದವರ ಆಯುಷ್ಯ ಹೆಚ್ಚುತ್ತದೆ ಅಂತಾರಲ್ಲ ಎಂದು ಚಾಪೆಯ ಮೇಲಿನ ಮುದುಕಿಯೊಬ್ಬಳು ಮೆಲ್ಲಗೆ ಅಂದಳು. ಇಂದುಬಾಯಿ ಅವಳ ಕಡೆ ನೋಡಿ ಹೌದೆನ್ನುವಂತೆ ತಲೆ ಆಡಿಸಿದಳು. ಆಮೇಲೆ ಬಟ್ಟೆಯ ಚೀಲದ ಗಂಟು ಬಿಚ್ಚಿದಳು. ಒಳಗೆ ಹೊಸ ಹಸಿರು ಖಣ. ನಾಟಕದಲ್ಲಿ ಆ ಹುಲಿ ಹುಡುಗಿ ಸಾಯುತ್ತಾಳೆಂದು ಕೇಳಿ, ಈ ವರ್ಷದ್ದನ್ನು ಇಲ್ಲಿಯೇ ಅವಳು ಬಿದ್ದ ಜಾಗದಲ್ಲಿ ಇಡೋಣವೆಂದು ತಂದಿದ್ದಳು. ಅದನ್ನು ಕೈಯಲ್ಲಿ ಹಿಡಿದು ಸೃಷ್ಟಿಯನ್ನು ಕರೆದಳು.

"ಬಾರವ್ವ. ನಿನ್ನ ಉಡಿ ತುಂಬ್ತೀನಿ."

ಚಾಪೆಯ ಮೇಲೆ ಗುಜುಗುಜು ಎದ್ದಿತು. ಗಂಡ ಸತ್ತವಳು ಉಡಿ ತುಂಬುವುದು ಯಾವ ಊರಿನಲ್ಲಿದೆ, ಅದೂ ಎಳೆಯ ಹುಡುಗಿಗೆ. ಗೊತ್ತಿಲ್ಲದೆ ಮಾಡುತ್ತಿದ್ದಾಳೆ, ಯಾರಾದರೂ ಮುತ್ತೈದೆಯರು ಕೈ ಹಚ್ಚಿ ಎಂದು ಒಬ್ಬಳು ಹೇಳಿದಳು.

ಇಂದುಬಾಯಿ ತಿರುಗಿದಳು. "ಗೊತ್ತಿದ್ದ ಮಾಡಾಕತ್ತೀನಿ. ಇಷ್ಟು ವರ್ಷ ಸತ್ತವರಿಗೆ ಕೊಟ್ಟೀನಿ, ಯಾರೂ ಬ್ಯಾಡ ಅನ್ನಲಿಲ್ಲ. ಇವತ್ತು ಜೀವ ಇದ್ದಾಕಿಗಿ ಕೊಡ್ತೀನಿ. ತಡಿಯವ್ರು ಬಂದು ತಡೀರಿ."

ಯಾರೂ ಏಳಲಿಲ್ಲ. ಎದ್ದವಳು ಕಾಳವ್ವ ಒಬ್ಬಳೇ. ಅವಳು ಮುಂದೆ ಬರಲಿಲ್ಲ, ಶಾಲೆಯ ಅಡುಗೆಕೋಣೆಗೆ ಹೋಗಿ ಮಕ್ಕಳ ಊಟದ ಅಕ್ಕಿಯಲ್ಲಿ ಒಂದು ತಾಟು ತುಂಬಿಕೊಂಡು ಬಂದಳು. ತಾಟನ್ನು ಇಂದುಬಾಯಿಯ ಮುಂದೆ ಹಿಡಿದಳು. ಐದು ಬೊಗಸೆ ಅಕ್ಕಿ ಸೃಷ್ಟಿಯ ಉಡಿಗೆ ಬಿತ್ತು. ಅದರ ಮೇಲೆ ಖಣ. ತೆಂಗಿನಕಾಯಿ ಎಂದು ಇಂದುಬಾಯಿ ಸುತ್ತ ನೋಡಿದಳು. ಮೇಜಿನ ಮೇಲೆ ಶಾಲಿನ ಪಕ್ಕದಲ್ಲಿತ್ತು. ಕೇಳದೆಯೇ ಎತ್ತಿಕೊಂಡಳು. ಅದು ಸತ್ಕಾರದ್ದು ಎಂದು ಸರಪಂಚರು ಹೇಳಹೋದರು. ಇದೂ ಸತ್ಕಾರವೇ ಎಂದು ಅವಳು ಅದನ್ನು ಉಡಿಗೆ ಹಾಕಿ, ಗಂಟು ಬಿಗಿದು, ಹುಡುಗಿಯ ಗದ್ದ ಹಿಡಿದು ಎತ್ತಿದಳು. ಕೊರಳಲ್ಲಿ ಎರಡು ದಾರ ಕಂಡವು. ಎರಡನ್ನೂ ಬೆರಳಿನಿಂದ ಸರಿಸಿ ನೋಡಿದಳು. ಸೀಸೆಯ ದಾರವನ್ನು ತಲೆಯ ಮೇಲಿಂದ ತೆಗೆದು ತನ್ನ ಚೀಲದಲ್ಲಿ ಹಾಕಿಕೊಂಡಳು.

ಶಿವಯೋಗೆಪ್ಪನ ಹತ್ತಿರ ಬಂದಾಗ ಅವಳ ಮುಖ ಇನ್ನೂ ಬಿಗಿದೇ ಇತ್ತು. ನಿನ್ನನ್ನು ಇನ್ನೂ ಮಾಫು ಮಾಡಿಲ್ಲ ಅಣ್ಣಾ, ಬೇವಿನ ಗಿಡದ ತನಕ ಬಂದು ಓಡಿಹೋದದ್ದನ್ನು ಕಂಡಿದ್ದೇನೆ ಎಂದಳು. ಅಮಾಸೆಗೆ ಮನೆಗೆ ಬಾ, ಈ ಸಲ ಒಂದೇ ಎಡೆ, ಉಂಡು ಹೋಗು, ಅವನನ್ನೂ ಕರೆದುಕೊಂಡು ಬಾ ಎಂದು ವಿಠೋಬನ ಕಡೆ ಗದ್ದ ತಿರುವಿದಳು. ವಿಠೋಬ ಫೇಟಾದ ಸೆರಗಿನಿಂದ ಮೂಗು ಒರೆಸಿಕೊಂಡ.

ಮಹಾಂತ ಗುರೂಜಿ ಪರದೆಯ ಹೊರಗೆ ಬಂದು ನಿಂತಿದ್ದರು. ಕೈಯಲ್ಲಿ ನಾಟಕದ ವಹಿ, ಹಾ ಸತ್ತೆ ಎಂಬ ಮಾತಿನ ಕೆಳಗೆ ಕೆಂಪು ಗೆರೆ. ಮುಂದೆ ಏನು ಮಾಡಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಸೃಷ್ಟಿ ಅವರನ್ನು ಕೇಳಲಿಲ್ಲ. ಉಡಿಯ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೈಕಲ್ಲಿನ ಸ್ಟ್ಯಾಂಡು ಒದ್ದಳು. ಸುಮನ ಇನ್ನೂ ಬಂದೂಕು ಹಿಡಿದು ದಾರಿಗೆ ಅಡ್ಡ ನಿಂತಿದ್ದಳು. ಕಾಡಿಗೆಯ ಮೀಸೆ ಬೆವರಿಗೆ ಕೆನ್ನೆಗಿಳಿದಿತ್ತು. ಅವಳು ಗುರೂಜಿಯನ್ನು ನೋಡಿದಳು, ಸರಪಂಚರನ್ನು ನೋಡಿದಳು, ಕಡೆಗೆ ಇಂದುಬಾಯಿಯ ಕಡೆ ತಿರುಗಿದಳು.

"ಬಿಡ್ಲೇನ್ರೀ ಅತ್ತಿ?"

"ಬಿಡವ್ವ," ಅಂದಳು ಇಂದುಬಾಯಿ. "ಹೋಗಲಿ."